ಸಾಯಬೇಕಿದ್ದ ಗಿಡ ಸಾಯಲಿಲ್ಲ: ಟೊಮೆಟೊ ಸೊರಗು ರೋಗದ ಒಂದು ಪ್ರಕರಣ

ಇದು ಸುಮಾರು ಒಂದು ವರ್ಷದ ಕತೆ. ದಕ್ಷಿಣ ಕರ್ನಾಟಕದ ಒಂದು ಕೃಷಿ ಕಾಲೇಜಿನ ಸಸ್ಯರೋಗ ವಿಭಾಗದಲ್ಲಿ ನಡೆದದ್ದು. ಇದರಲ್ಲಿರುವವರು ನಾಲ್ಕೇ ಜನ: ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿ, ಅವಳ ಗೈಡ್, ಕೋಲಾರ ಜಿಲ್ಲೆಯ ಒಬ್ಬ ಟೊಮೆಟೊ ಬೆಳೆಗಾರ, ಮತ್ತೆ ಅವಳ ಸಲಹಾ ಸಮಿತಿಯಲ್ಲಿದ್ದ ನಾನು. ಯಾರ ಹೆಸರೂ ಹಾಕಿಲ್ಲ. ಊರು, ವರ್ಷ, ತಳಿಗಳ ನಂಬರು ಎಲ್ಲ ಬಿಟ್ಟಿದ್ದೇನೆ. ವಿದ್ಯಾರ್ಥಿನಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳು ಹಾಕಿದ್ದು ಒಂದೇ ಷರತ್ತು: "ನಿಮ್ಮ ತಪ್ಪನ್ನೂ ಬರೀಬೇಕು ಸಾರ್." ಬರೆದಿದ್ದೇನೆ.

ರೋಗ ಯಾವುದು

ಟೊಮೆಟೊ ಬೆಳೆದವರಿಗೆ ಈ ರೋಗವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಿಲ್ಲ. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಮಧ್ಯಾಹ್ನ ತಲೆ ಬಾಗಿಸುತ್ತದೆ. ಸಂಜೆ ತಂಪಿಗೆ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಾಣುತ್ತದೆ. ನೀರು ಸಾಲಲಿಲ್ಲವೇನೋ ಅಂದುಕೊಂಡು ರೈತ ಡ್ರಿಪ್ ಇನ್ನೊಂದು ಗಂಟೆ ಜಾಸ್ತಿ ಬಿಡುತ್ತಾನೆ. ಮೂರ್ನಾಲ್ಕು ದಿನದಲ್ಲಿ ಗಿಡ ಪೂರ್ತಿ ಬಾಡುತ್ತದೆ. ಅದೂ ಎಲೆ ಹಳದಿಯಾಗಿ ಅಲ್ಲ, ಹಸಿರಾಗಿರುವಾಗಲೇ. ದುಂಡಾಣು ಸೊರಗು ರೋಗ ಅಂದರೆ ಇದು.

ಕಾರಣ ಒಂದು ಬ್ಯಾಕ್ಟೀರಿಯಾ. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಇದನ್ನು ವಿವರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಹೆಸರು ಬದಲಾಗುತ್ತಲೇ ಇದೆ. ಬ್ಯಾಸಿಲಸ್ ಆಯಿತು, ಸ್ಯೂಡೋಮೊನಾಸ್ ಆಯಿತು, ಬರ್ಖೋಲ್ಡೇರಿಯಾ ಆಯಿತು, 1995ರಲ್ಲಿ ರಾಲ್‌ಸ್ಟೋನಿಯಾ ಆಯಿತು. ಹೆಸರು ಏನೇ ಇರಲಿ, ಕೆಲಸ ಮಾತ್ರ ಅದೇ. ಮಣ್ಣಿನಲ್ಲಿರುತ್ತದೆ, ಬೇರಿನ ಗಾಯದಿಂದ ಒಳಗೆ ಹೋಗುತ್ತದೆ, ಕಾಂಡದಲ್ಲಿ ನೀರು ಏರುವ ನಾಳಗಳಲ್ಲಿ ಮನೆ ಮಾಡಿಕೊಂಡು ಲೋಳೆ ಸುರಿಸುತ್ತದೆ. ನಾಳ ಕಟ್ಟಿಕೊಳ್ಳುತ್ತದೆ. ಬುಡದಲ್ಲಿ ನೀರಿದ್ದರೂ ತುದಿಗೆ ಏರುವುದಿಲ್ಲ. ಈ ಲೋಳೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕತೆಯೆಲ್ಲ ಇದರದ್ದೇ.

ಇದಕ್ಕೆ ನೆಚ್ಚಿಕೊಳ್ಳುವಂಥ ಔಷಧಿ ಇಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಶುಂಠಿ ಸೇರಿ 200ಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ತಗಲುತ್ತದೆ. ಹಾಗಾಗಿ ರೋಗ ತಡೆಯುವ ತಳಿ ಹುಡುಕುವುದೇ ದೊಡ್ಡ ದಾರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಹೈಬ್ರಿಡ್‌ನಂಥವು ಬಂದಿರುವುದು ಇದೇ ದಾರಿಯಲ್ಲಿ. ನಮ್ಮ ವಿದ್ಯಾರ್ಥಿನಿಯ ಕೆಲಸವೂ ಇದೇ ಆಗಿತ್ತು. 24 ಟೊಮೆಟೊ ಸಾಲುಗಳಿಗೆ (ಹೊಲದ ಸಾಲಲ್ಲ, ತಳಿ ಮಾಡಲು ಬೆಳೆಸಿದ ಬೇರೆ ಬೇರೆ ವಂಶಗಳು) ಬ್ಯಾಕ್ಟೀರಿಯಾ ಕೊಟ್ಟು, ಯಾವುದು ಬದುಕುತ್ತದೆ ನೋಡಬೇಕಿತ್ತು.

ಜುಲೈ: ಬದುವಿನ ಮೇಲೆ ಒಂದು ಲೋಟ

ಬ್ಯಾಕ್ಟೀರಿಯಾ ತರಲು ಅವಳು ಹೋಗಿದ್ದು ಒಂದೂವರೆ ಎಕರೆಯ ಹೊಲಕ್ಕೆ. ಮಲ್ಚಿಂಗ್ ಪೇಪರ್ ಹಾಸಿ, ಕಡ್ಡಿ ನೆಟ್ಟು, ದಾರ ಕಟ್ಟಿ ಮುಗಿಸಿದ್ದರು. ಕಾಯಿ ನಿಂಬೆ ಗಾತ್ರಕ್ಕೆ ಬಂದಿತ್ತು. ಅಷ್ಟರಲ್ಲಿ ಸಾಲು ಸಾಲೇ ಬಾಡತೊಡಗಿತ್ತು. ಔಷಧಿ ಅಂಗಡಿಯವರು ಶಿಲೀಂಧ್ರ ಅಂತ ಹೇಳಿ ಬುಡಕ್ಕೆ ಹುಯ್ಯಲು ಎರಡು ಥರದ ಪುಡಿ ಕೊಟ್ಟಿದ್ದರು.

ಅವಳು ಬಾಡಿದ ಗಿಡದ ಬುಡದ ಕಾಂಡವನ್ನು ಎರಡು ಇಂಚು ಕತ್ತರಿಸಿದಳು. ಚಹಾ ಲೋಟದಲ್ಲಿ ತಿಳಿನೀರು ತರಿಸಿ, ಕತ್ತರಿಸಿದ ತುದಿ ಮಾತ್ರ ಮುಳುಗುವ ಹಾಗೆ ಹಿಡಿದಳು. ಎರಡು ಮೂರು ನಿಮಿಷ ಏನೂ ಇಲ್ಲ. ಆಮೇಲೆ ಕಾಂಡದ ತುದಿಯಿಂದ ಹಾಲಿನ ಎಳೆಯಂಥದ್ದು ಒಂದು ಸಣ್ಣಗೆ ಕೆಳಗಿಳಿಯಿತು. ಅದರ ಪಕ್ಕಕ್ಕೆ ಇನ್ನೊಂದು. ಹೊಗೆ ತಲೆಕೆಳಗಾಗಿ ಇಳಿದ ಹಾಗೆ. ಶಿಲೀಂಧ್ರದ ಸೊರಗಿನಲ್ಲಿ ಹೀಗೆ ಎಳೆ ಬರುವುದಿಲ್ಲ.

ರೈತರು ಲೋಟವನ್ನೇ ನೋಡುತ್ತಾ ಕೇಳಿದರು, "ಇದೇನಾ ಮೇಡಂ, ನಮ್ ಗಿಡ ಕೊಲ್ತಾ ಇರೋದು?"

"ಇದೇ ಅಣ್ಣ. ಆ ಪುಡಿ ಇದಕ್ಕೆ ನಾಟಲ್ಲ."

ಲ್ಯಾಬಿಗೆ ತಂದು ಬೆಳೆಸಿದಳು. ಆರ್ಥರ್ ಕೆಲ್ಮನ್ ಎಂಬ ವಿಜ್ಞಾನಿ 1954ರಲ್ಲಿ ತೋರಿಸಿಕೊಟ್ಟ ಒಂದು ಮಾಧ್ಯಮ ಇದೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿಗೆ ಹಾಕುವ ಆಹಾರ. ಅದಕ್ಕೆ ಟೆಟ್ರಜೋಲಿಯಂ ಎಂಬ ರಾಸಾಯನಿಕ ಸೇರಿಸುತ್ತಾರೆ, ಲೀಟರಿಗೆ ಬರೀ 50 ಮಿಲಿಗ್ರಾಂ. ರೋಗ ತರುವ ಬ್ಯಾಕ್ಟೀರಿಯಾ ಇದರ ಮೇಲೆ ಹಾಲುಬಿಳಿಯಾಗಿ, ಅಂಕುಡೊಂಕಾಗಿ, ಹರಿದಾಡುವ ಹಾಗೆ ಬೆಳೆಯುತ್ತದೆ. ನಡುವೆ ಗುಲಾಬಿ ಛಾಯೆ. ರೋಗ ತರುವ ಶಕ್ತಿ ಕಳೆದುಕೊಂಡದ್ದು ಚಿಕ್ಕದಾಗಿ, ಗುಂಡಗೆ, ಕಡುಗೆಂಪಾಗಿ, ಬೆಣ್ಣೆಯ ಹಾಗೆ ಕೂರುತ್ತದೆ. ಜುಲೈನ ಪ್ಲೇಟಿನಲ್ಲಿ ಎಲ್ಲವೂ ಹಾಲುಬಿಳಿ. ಅದನ್ನೇ ಹತ್ತು ಆರೋಗ್ಯವಂತ ಸಸಿಗಳಿಗೆ ಕೊಟ್ಟಳು. ಹತ್ತೂ ಸತ್ತವು. ಸತ್ತ ಗಿಡದಿಂದ ಮತ್ತೆ ಅದೇ ಬ್ಯಾಕ್ಟೀರಿಯಾ ತೆಗೆದಳು. ರೋಗಕ್ಕೆ ಇದೇ ಸೂಕ್ಷ್ಮಾಣು ಕಾರಣ ಅಂತ ಸಾಬೀತು ಮಾಡಲು ರಾಬರ್ಟ್ ಕೋಖ್ ಹೇಳಿದ ನಿಯಮಗಳಿಗೆಲ್ಲ ಟಿಕ್ ಬಿತ್ತು.

ಇಲ್ಲಿಯವರೆಗೆ ಯಾವ ತಪ್ಪೂ ಆಗಿರಲಿಲ್ಲ. ತಪ್ಪು ಶುರುವಾಗಿದ್ದು ಮರುವಾರ, ಯಾರಿಗೂ ಅದೊಂದು ತೀರ್ಮಾನ ಅಂತಲೂ ಅನಿಸಲಿಲ್ಲ. ಬೆಳೆಸಿದ ಬ್ಯಾಕ್ಟೀರಿಯಾವನ್ನು, ಅಂದರೆ ಕಲ್ಚರನ್ನು, ಎಲ್ಲಿಡಬೇಕು? ಎಲ್ಲರೂ ಇಡುವ ಹಾಗೆ ಸ್ಲಾಂಟ್ (ಗಾಜಿನ ನಳಿಕೆಯಲ್ಲಿ ಓರೆಯಾಗಿ ಗಟ್ಟಿ ಮಾಡಿದ ಮಾಧ್ಯಮ) ಮಾಡಿ ಫ್ರಿಜ್ಜಿನಲ್ಲಿಟ್ಟಳು. ಹದಿನೈದು ದಿನಕ್ಕೊಮ್ಮೆ ಹೊಸ ಸ್ಲಾಂಟಿಗೆ ದಾಟಿಸುತ್ತಿದ್ದಳು. ಸೆಪ್ಟೆಂಬರಿನಲ್ಲಿ ಟೆಟ್ರಜೋಲಿಯಂ ಬಾಟಲಿ ಖಾಲಿಯಾಯಿತು. ಇಂಡೆಂಟ್ ಹಾಕಿದರೆ ಸಾಮಾನು ಬರುವುದು ಯಾವಾಗಲೋ, ಗೊತ್ತಲ್ವಾ. ಅಲ್ಲಿಯವರೆಗೆ ಮಾಮೂಲಿ ಮಾಧ್ಯಮವಾದ ನ್ಯೂಟ್ರಿಯೆಂಟ್ ಅಗರ್ ಸಾಕು ಅಂತ ಮುಂದುವರಿದಳು. ಬೀಜ ಹೆಚ್ಚಿಸಿಕೊಂಡು, ಪ್ರೋಟ್ರೇಯಲ್ಲಿ ಸಸಿ ಎಬ್ಬಿಸಿ, ಪಾಲಿಹೌಸ್ ಸಿಗುವ ಹೊತ್ತಿಗೆ ಜನವರಿ.

ಸಂತೋಷದ ಫಲಿತಾಂಶ

ಸಾಲಿಗೆ 20 ಗಿಡ. ಜೊತೆಗೆ ಎರಡು ಹೋಲಿಕೆ ತಳಿಗಳು. ಸುಲಭವಾಗಿ ಸಾಯುತ್ತದೆ ಅಂತ ಗೊತ್ತಿರುವ ಪೂಸಾ ರೂಬಿ, ಜಗತ್ತಿನಲ್ಲೆಲ್ಲ ನಿರೋಧಕ ಅಂತ ಬಳಸುವ ಹವಾಯಿ 7996. ಮಿಲಿಲೀಟರಿಗೆ 10 ಕೋಟಿ ಬ್ಯಾಕ್ಟೀರಿಯಾ ಇರುವ ದ್ರಾವಣವನ್ನು ಬುಡಕ್ಕೆ ಹುಯ್ದರು.

ಮೂರು ವಾರ ಕಳೆದ ಮೇಲೆ ಲೆಕ್ಕ ಹಾಕಿದರೆ 24ರಲ್ಲಿ 19 ಸಾಲು ನಿರೋಧಕ! ಗೈಡ್ ಖುಷಿಯಾದರು. ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಲು ಆರು ದಿನ ಉಳಿದಿತ್ತು, ಕಳಿಸಿಯೂ ಬಿಟ್ಟರು. ವಿದ್ಯಾರ್ಥಿನಿ ಕೋಲಾರದ ರೈತರಿಗೆ ಫೋನ್ ಮಾಡಿ, ನಿಮ್ಮ ಹೊಲದ ರೋಗ ತಡೆಯುವ ತಳಿ ಸಿಕ್ಕಿದೆ, ಮುಂದಿನ ಹಂಗಾಮಿಗೆ ಸಸಿ ಕೊಡ್ತೀನಿ ಅಂದಳು.

ಆದರೆ ಪೂಸಾ ರೂಬಿ? ಅದರಲ್ಲಿ 20ಕ್ಕೆ ಸತ್ತದ್ದು 4. ಹದಿನಾರಾದರೂ ಸಾಯಬೇಕಿತ್ತು.

ಸಮಿತಿ ಸಭೆಯಲ್ಲಿ ಅವಳೇ ಇದನ್ನು ಎತ್ತಿದಳು. "ಸಾಯಬೇಕಾದ್ದೇ ಸತ್ತಿಲ್ಲ ಸಾರ್, ಮಿಕ್ಕಿದ್ದು ಬದುಕಿದೆ ಅಂತ ಹೇಗೆ ಹೇಳೋದು?" ಸರಿಯಾದ ಪ್ರಶ್ನೆ. ಉತ್ತರ ಕೊಟ್ಟವನು ನಾನು. ಪಾಲಿಹೌಸಿನ ಥರ್ಮಾಮೀಟರಿನಲ್ಲಿ ರಾತ್ರಿ 15 ಡಿಗ್ರಿ ತೋರಿಸಿತ್ತು. ಈ ಬ್ಯಾಕ್ಟೀರಿಯಾ 30 ಡಿಗ್ರಿ ಆಸುಪಾಸಿನಲ್ಲಿ ಜೋರು, ತಂಪಿನಲ್ಲಿ ಮಂಕು. "ಚಳಿ ಕಣಮ್ಮ, ಮಾರ್ಚ್‌ನಲ್ಲಿ ಇನ್ನೊಂದ್ಸಲ ಮಾಡು" ಅಂದೆ. ಹೇಳಿದ ಸಂಗತಿ ಸುಳ್ಳಲ್ಲ. ಅದಕ್ಕೇ ಎಲ್ಲರೂ ಒಪ್ಪಿದರು. ಸುಳ್ಳು ಕಾರಣ ಕೊಟ್ಟಿದ್ದರೆ ಯಾರಾದರೂ ಅಡ್ಡ ಬರುತ್ತಿದ್ದರು. ನಾನು ಕೊಟ್ಟದ್ದು ಬೇರೆ ಎಲ್ಲೋ ನಿಜವಾಗಿರುವ ಕಾರಣ.

ಆ ಕ್ಷಣದಲ್ಲಿ ಪ್ಲೇಟ್ ತಂದು ತೋರಿಸು ಅನ್ನಬೇಕಿತ್ತು. ಯಾರಿಗೂ ಹೊಳೆಯಲಿಲ್ಲ. ಜುಲೈನಲ್ಲಿ ಹತ್ತಕ್ಕೆ ಹತ್ತು ಕೊಂದ ಕಲ್ಚರ್ ಅದು, ಅದರ ಮೇಲೆ ಅನುಮಾನ ಯಾಕೆ ಬರುತ್ತೆ? ಜುಲೈನ ಸರ್ಟಿಫಿಕೇಟನ್ನು ಜನವರಿಗೂ ಓಡಿಸುತ್ತಿದ್ದೇವೆ ಅಂತ ನಮಗೆ ಗೊತ್ತೇ ಆಗಲಿಲ್ಲ.

ಮಾರ್ಚ್

ಬಿಸಿಲು ಏರಿತು. ಹಗಲು 33, 34. ಮತ್ತೆ ಅದೇ ಪರೀಕ್ಷೆ. ಪೂಸಾ ರೂಬಿಯಲ್ಲಿ ಸತ್ತದ್ದು 3.

ಅಲ್ಲಿಗೆ ನನ್ನ ಚಳಿ ಮುಗಿಯಿತು. ಆರು ವಾರ ಹೋಯಿತು.

ಆಮೇಲೆ ಪೂಸಾ ರೂಬಿಗೆ ಮಾತ್ರ ಡೋಸ್ ಎರಡರಷ್ಟು ಮಾಡಿದರು. ಬೇರನ್ನು ಚಾಕುವಿನಿಂದ ಗೀರಿ ಗಾಯ ಮಾಡಿ ಹುಯ್ದರು. ಸತ್ತದ್ದು 5. ದ್ರಾವಣದಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ನೋಡುವ ಯಂತ್ರ ಪ್ರತಿ ಸಲವೂ ಸರಿಯಾದ ಅಂಕಿಯನ್ನೇ ತೋರಿಸುತ್ತಿತ್ತು. ಆದರೆ ಆ ಯಂತ್ರ ನೋಡುವುದು ನೀರು ಎಷ್ಟು ಮಬ್ಬಾಗಿದೆ ಅಂತ ಅಷ್ಟೇ. ತಲೆ ಎಣಿಸುತ್ತದೆ, ಹಲ್ಲಿದೆಯಾ ಅಂತ ಬಾಯಿ ಬಿಡಿಸಿ ನೋಡುವುದಿಲ್ಲ.

ತಿರುವು ಬಂದದ್ದು ಲ್ಯಾಬಿನಲ್ಲಿ ಅಲ್ಲ, ಬಸ್ಸಿನಲ್ಲಿ. ಊರಿಗೆ ಹೋಗುತ್ತಿದ್ದಳು. ಫೋನಿನಲ್ಲಿ ಜಾಗ ತುಂಬಿದೆ ಅಂತ ಬಂದದ್ದಕ್ಕೆ ಹಳೆ ಫೋಟೊ ಅಳಿಸುತ್ತಾ ಕೂತಿದ್ದಳು. ಜುಲೈನ ಪ್ಲೇಟಿನ ಫೋಟೊ ಬಂತು. ಅಳಿಸಲು ಹೋಗಿ ನಿಂತಳು. ಹಿಂದಿನ ದಿನವಷ್ಟೇ ತೆಗೆದ ಮಾರ್ಚ್‌ನ ಪ್ಲೇಟಿನ ಫೋಟೊ ತೆರೆದಳು. ಒಂದರಲ್ಲಿ ಗಂಜಿ ಚೆಲ್ಲಿದ ಹಾಗೆ ಹರಿದ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪುಗಳು. ಇನ್ನೊಂದರಲ್ಲಿ ರಂಗೋಲಿಗೆ ಇಟ್ಟ ಚುಕ್ಕಿಯ ಹಾಗೆ ಪುಟ್ಟ ಪುಟ್ಟ ಗುಂಡು. ಮಾಧ್ಯಮ ಬೇರೆ, ಹಾಗಾಗಿ ಬಣ್ಣ ಹೋಲಿಸುವಂತಿಲ್ಲ. ಆದರೆ ಲೋಳೆ? ಲೋಳೆ ಎಲ್ಲಿ ಹೋಯಿತು?

ಎರಡೂ ಫೋಟೊ ನನಗೆ ಕಳಿಸಿದಳು. ಕೆಳಗೆ ಒಂದೇ ಸಾಲು: "ಸಾರ್, ಇದು ಅದೇನಾ?"

ಸೋಮವಾರ ಪಕ್ಕದ ವಿಭಾಗದಿಂದ ಚಿಟಿಕೆ ಟೆಟ್ರಜೋಲಿಯಂ ಸಾಲ ತಂದು ಪ್ಲೇಟ್ ಮಾಡಿದೆವು. ಎರಡು ದಿನ ಬಿಟ್ಟು ತೆರೆದರೆ ಪ್ಲೇಟೆಲ್ಲ ಕೆಂಪು. ನೂರಕ್ಕೆ ಏಳೆಂಟು ಮಾತ್ರ ಬಿಳಿ. ಪೂಸಾ ರೂಬಿಯ ಆ ನಾಲ್ಕು, ಮೂರು, ಐದು ಗಿಡಗಳನ್ನು ಕೊಂದದ್ದು ಈ ಏಳೆಂಟು ಪರ್ಸೆಂಟ್ ಅಂತಲೇ ನನ್ನ ಲೆಕ್ಕ.

ಹೀಗೇಕಾಯಿತು

ಈ ಬ್ಯಾಕ್ಟೀರಿಯಾದಲ್ಲಿ ಪಿಎಚ್‌ಸಿ-ಎ ಎಂಬ ಒಂದು ಜೀನ್ ಇದೆ. ಮನೆಯ ಮೇನ್ ಸ್ವಿಚ್ ಇದ್ದ ಹಾಗೆ. ಬ್ಯಾಕ್ಟೀರಿಯಾಗಳ ಗುಂಪು ದಟ್ಟವಾದಾಗ ಇದು ಆನ್ ಆಗುತ್ತದೆ, ಲೋಳೆ ಮತ್ತೆ ಗಿಡವನ್ನು ಹಾಳು ಮಾಡುವ ಬೇರೆ ಸಾಮಾನುಗಳ ತಯಾರಿ ಶುರುವಾಗುತ್ತದೆ. ಗಿಡದೊಳಗೆ ಇದರಿಂದ ಲಾಭ ಉಂಟು. ಪ್ಲೇಟಿನ ಮೇಲೆ ಏನಿದೆ? ಊಟ ರೆಡಿ ಇದೆ, ಕಟ್ಟಬೇಕಾದ ನಾಳ ಇಲ್ಲ. ಲೋಳೆ ಮಾಡುವುದು ದಂಡದ ಖರ್ಚು. ಯಾವುದೋ ಒಂದರಲ್ಲಿ ಆಕಸ್ಮಿಕವಾಗಿ ಸ್ವಿಚ್ ಕೆಟ್ಟರೆ, ಆ ಖರ್ಚು ಉಳಿಸಿಕೊಂಡದ್ದು ಹಳೇ ಪ್ಲೇಟಿನಲ್ಲಿ ಮಿಕ್ಕವುಗಳನ್ನು ಹಿಂದೆ ಹಾಕುತ್ತದೆ.

ಅದರ ಮೇಲೆ ನಮ್ಮ ಕೈಯೂ ಸೇರಿತು. ಲೂಪ್ ಅನ್ನುವ ತಂತಿ ಹಿಡಿದು ಕಾಲೊನಿ ಎತ್ತುವಾಗ ಅಚ್ಚುಕಟ್ಟಾಗಿ, ಒಂಟಿಯಾಗಿ ಕೂತದ್ದನ್ನು ಎತ್ತು ಅಂತ ಮಕ್ಕಳಿಗೆ ಮೊದಲ ದಿನದಿಂದ ಕಲಿಸುತ್ತೇವೆ. ಬೇರೆ ಎಷ್ಟೋ ಬ್ಯಾಕ್ಟೀರಿಯಾಗೆ ಅದು ಸರಿ. ಇಲ್ಲಿ ಅಚ್ಚುಕಟ್ಟಾದದ್ದೇ ಕೆಟ್ಟದ್ದು. ಹದಿನೈದು ದಿನಕ್ಕೊಮ್ಮೆ, ಎಂಟು ತಿಂಗಳು, ಅವಳು ಬಹಳ ಶ್ರದ್ಧೆಯಿಂದ ಸಾಧುಗಳನ್ನೇ ಆರಿಸಿ ಬೆಳೆಸಿದ್ದಳು.

ಫ್ರಿಜ್ಜೂ ಇದಕ್ಕೆ ಆಗಿಬರುವುದಿಲ್ಲ. 4 ಡಿಗ್ರಿಯಲ್ಲಿ ಇದು ಜೀವ ಇದ್ದೂ ಪ್ಲೇಟಿನ ಮೇಲೆ ಏಳದ ಸ್ಥಿತಿಗೆ ಹೋಗಬಹುದು. ಶುದ್ಧೀಕರಿಸಿದ ಬಟ್ಟಿ ನೀರಿನ ಪುಟ್ಟ ಬಾಟಲಿಯಲ್ಲಿ, ರೂಮಿನ ಉಷ್ಣತೆಯಲ್ಲೇ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಈ ವಿಧಾನ ನಾನು ಹುಟ್ಟುವ ಕಾಲದ್ದು. ನಮಗೆ ಗೊತ್ತಿತ್ತಾ? ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದೆವು. ಅವಳು ಕೇಳಲಿಲ್ಲ, ಯಾಕೆಂದರೆ ಫ್ರಿಜ್ಜಿನಲ್ಲಿಡುವುದು ಕೇಳಬೇಕಾದ ವಿಷಯ ಅಂತ ಅವಳಿಗೆ ಅನಿಸಿರಲಿಲ್ಲ.

ಎರಡು ದಾರಿ

ಏಪ್ರಿಲ್ ಮೊದಲ ವಾರ ನಮ್ಮೊಳಗೇ ಒಂದಿಷ್ಟು ಜೋರು ಮಾತಾಯಿತು. ಗೈಡ್ ಹೇಳಿದ್ದು: ಉಳಿದ ಬಿಳಿ ಕಾಲೊನಿ ಆರಿಸು, ಒಂದು ಸಲ ಗಿಡದೊಳಗೆ ಹಾಯಿಸಿ ವಾಪಸ್ ತೆಗಿ, ಕೆಲಸ ಮುಂದುವರಿಸು. ಫೆಲೋಶಿಪ್ ಮುಗಿಯುತ್ತಾ ಬಂದಿದೆ, ಇನ್ನೊಂದು ಹಂಗಾಮು ಕಾಯೋಕಾಗಲ್ಲ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಗಿಡ ತಾನೇ ಜರಡಿ ಹಿಡಿಯುತ್ತದೆ, ಶಕ್ತಿ ಇರುವುದು ಮಾತ್ರ ಮೇಲೇರುತ್ತದೆ.

ವಿದ್ಯಾರ್ಥಿನಿಗೆ ಮನಸ್ಸಾಗಲಿಲ್ಲ. ಎಂಟು ತಿಂಗಳು ಪ್ಲೇಟಿನ ಮೇಲೆ ಬಾಳಿದ ಬ್ಯಾಕ್ಟೀರಿಯಾದಲ್ಲಿ ಇನ್ನೇನು ಬದಲಾಗಿದೆಯೋ, ಕಣ್ಣಿಗೆ ಕಂಡದ್ದು ಲೋಳೆ ಒಂದೇ ಅಂತ ಅವಳ ವಾದ. ಕೊನೆಗೆ ಬಿಳಿ ಕಾಲೊನಿಯನ್ನು ಒಂದು ಕಡೆ ಗಿಡಕ್ಕೆ ಕೊಟ್ಟಿಟ್ಟು, ತಾನು ಕೋಲಾರದ ಬಸ್ ಹತ್ತಿದಳು. ನನಗೆ ಈ ಇಡೀ ವರ್ಷದಲ್ಲಿ ಅತಿ ಒಳ್ಳೆಯ ತೀರ್ಮಾನ ಇದೇ ಅನಿಸುತ್ತದೆ.

ಹೊಲಕ್ಕೆ ಹೋದರೆ ಟೊಮೆಟೊ ಇಲ್ಲ. ಉತ್ತು ಬಿಟ್ಟಿದ್ದರು. "ಸಾಕಾಯ್ತು ಮೇಡಂ, ಎರಡು ವರ್ಷ ರಾಗಿನೇ" ಅಂದರು ರೈತರು. ರಾಗಿ, ಜೋಳದಂಥ ಬೆಳೆಗೆ ಈ ರೋಗ ತೊಂದರೆ ಮಾಡುವುದಿಲ್ಲ, ಮಣ್ಣಿನಲ್ಲಿ ಅದರ ಬಲವೂ ತಗ್ಗುತ್ತದೆ. ರೈತರು ಮಾಡಿದ್ದು ಸರಿಯಾದ ಕೆಲಸವೇ. ಆದರೆ ಇವಳಿಗೆ ರೋಗದ ಗಿಡ ಬೇಕಲ್ಲ.

"ಕೆಳಗಿನ ಹೊಲ ನೋಡಿ. ನಮ್ ಹೊಲದ ಮಳೆನೀರೆಲ್ಲ ಅಲ್ಲಿಗೇ ಇಳಿಯೋದು" ಅಂದರು.

ಕೆಳಗಿನವರು ಅದೇ ವರ್ಷ ಮೊದಲ ಸಲ ಟೊಮೆಟೊ ಹಾಕಿದ್ದರು. ನೀರು ಇಳಿಯುವ ಮೂಲೆಯಲ್ಲೇ ಬಾಡು ಶುರುವಾಗಿತ್ತು. ಮತ್ತೆ ಲೋಟ, ಮತ್ತೆ ಹಾಲಿನ ಎಳೆ.

ಮೂರನೇ ಪರೀಕ್ಷೆ

ಮೇ ತಿಂಗಳಲ್ಲಿ ಹೊಸ ಬ್ಯಾಕ್ಟೀರಿಯಾ ಕೊಟ್ಟರು. ಹುಯ್ಯುವ ದಿನವೇ ಅದೇ ದ್ರಾವಣದ ಒಂದು ಹನಿಯನ್ನು ಟೆಟ್ರಜೋಲಿಯಂ ಪ್ಲೇಟಿನ ಮೇಲೂ ಹರಡಿದರು. ಪೂಸಾ ರೂಬಿಯಲ್ಲಿ ಹನ್ನೆರಡು ದಿನದೊಳಗೆ 20ಕ್ಕೆ 18 ಮಲಗಿದವು. ಹಳೇ ಕಲ್ಚರಿನಿಂದ ಗಿಡದ ಮೂಲಕ ವಾಪಸ್ ತೆಗೆದದ್ದನ್ನೂ ಒಂದು ಟ್ರೇಗೆ ಕೊಟ್ಟಿದ್ದರು, ಅಲ್ಲಿ 20ಕ್ಕೆ 13. ಗೈಡ್ ಹೇಳಿದ ದಾರಿ ಪೂರ್ತಿ ತಪ್ಪೂ ಆಗಿರಲಿಲ್ಲ, ಪೂರ್ತಿ ಸರಿಯೂ ಆಗಿರಲಿಲ್ಲ.

19 ನಿರೋಧಕ ಸಾಲುಗಳಲ್ಲಿ ಉಳಿದದ್ದು 3.

ಅಷ್ಟಕ್ಕೂ ನಿಲ್ಲಿಸಲಿಲ್ಲ ಅವಳು. ಆ ಮೂರರ ಗಿಡಗಳ ನಡುಕಾಂಡ ಕತ್ತರಿಸಿ, ಅರೆದು, ಪ್ಲೇಟಿಗೆ ಹಾಕಿದಳು. ಎರಡರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಮೇಲೆ ನೋಡಿದರೆ ಹಸಿರು, ಒಳಗೆ ರೋಗ. ಇದು ಅಪರೂಪವೇನಲ್ಲ, ಹವಾಯಿ 7996ರಲ್ಲೂ ಹೀಗೆ ಸಿಗುವುದುಂಟು. ರೈತನಿಗೆ ಅಂಥ ಗಿಡದಿಂದ ಫಸಲು ಬರಬಹುದು, ಆದರೆ ಅವನ ಮಣ್ಣಿಗೆ, ಚಿವುಟುವ ಕೈಗೆ, ಕೆಳಗಿನ ಹೊಲಕ್ಕೆ ರೋಗ ಹೋಗುತ್ತಲೇ ಇರುತ್ತದೆ. ಹಾಗಾಗಿ ಆ ಎರಡನ್ನು ನಿರೋಧಕ ಅನ್ನದೆ 'ತಾಳಿಕೊಳ್ಳುವ ಸಾಲು' ಅಂತ ಬರೆದಳು.

ಸಮ್ಮೇಳನದ ಸಾರಾಂಶ ವಾಪಸ್ ಪಡೆದರು. ಗೈಡ್‌ಗೆ ಅದು ಸುಲಭದ ಮೇಲ್ ಆಗಿರಲಿಲ್ಲ, ಆದರೂ ತಾವೇ ಕೂತು ಬರೆದರು. ರೈತರಿಗೆ ಫೋನ್ ಮಾಡುವುದು ಅವಳ ಪಾಲಿಗೆ ಬಂತು. ಎರಡು ದಿನ ಮುಂದೂಡಿ, ಮೂರನೇ ದಿನ ನನ್ನ ರೂಮಿನಲ್ಲೇ ಕೂತು ಮಾಡಿದಳು.

"ಅಣ್ಣ, ಅವತ್ತು ಸಸಿ ಕೊಡ್ತೀನಿ ಅಂದಿದ್ನಲ್ಲ, ಅದು ಸರಿಯಿಲ್ಲ. ನಮ್ಮ ಪರೀಕ್ಷೆನೇ ತಪ್ಪಾಗಿತ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾಟಿ ಮಾಡೋಕ್ ಮುಂಚೆನೇ ಹೇಳಿದ್ರಲ್ಲ ಬಿಡಿ ಮೇಡಂ. ಆ ಅಂಗಡಿಯವ್ನು ಇನ್ನೂ ಹೇಳಿಲ್ಲ."

ಈಗ

ಲ್ಯಾಬಿನ ಪದ್ಧತಿ ಬದಲಾಗಿದೆ. ಹುಯ್ಯುವ ದಿನ ಅದೇ ದ್ರಾವಣದ ಪ್ಲೇಟ್ ಇಲ್ಲದಿದ್ದರೆ ಆ ಪರೀಕ್ಷೆಯ ಅಂಕಿ ಲೆಕ್ಕಕ್ಕಿಲ್ಲ. ಪೂಸಾ ರೂಬಿಯಲ್ಲಿ ನೂರಕ್ಕೆ ಎಂಬತ್ತು ಸಾಯದಿದ್ದರೆ ಮಿಕ್ಕ ಸಾಲುಗಳನ್ನು ಎಣಿಸುವುದೇ ಇಲ್ಲ. ಟೆಟ್ರಜೋಲಿಯಂ ಬಾಟಲಿ ಅರ್ಧಕ್ಕೆ ಬಂದಾಗಲೇ ಇಂಡೆಂಟ್ ಹೋಗುತ್ತದೆ. ಥೀಸಿಸ್ಸಿನಲ್ಲಿ ಜನವರಿಯ ಟೇಬಲ್ಲನ್ನೂ ಮೇ ತಿಂಗಳ ಟೇಬಲ್ಲನ್ನೂ ಅಕ್ಕಪಕ್ಕ ಹಾಕಿದ್ದಾಳೆ. ಹಾಕುವುದು ಬೇಡ, ಪರೀಕ್ಷಕರು ಸುಮ್ನೆ ಅದನ್ನೇ ಹಿಡಿದು ಎಳೀತಾರೆ ಅಂತ ನಮ್ಮಲ್ಲೇ ಒಬ್ಬರು ಹೇಳಿದ್ದರು. ಎಳೆದರು ಕೂಡ, ವೈವಾದಲ್ಲಿ ಮುಕ್ಕಾಲು ಗಂಟೆ ಅದರ ಮೇಲೇ ಹೋಯಿತು.

ಅವಳ ಮೇಜಿನ ಪಕ್ಕದ ಕಪಾಟಿನಲ್ಲಿ ಹನ್ನೊಂದು ಪುಟ್ಟ ನೀರಿನ ಬಾಟಲಿಗಳಿವೆ. ಮೂರು ತಿಂಗಳಿಗೊಮ್ಮೆ ಒಂದನ್ನು ತೆರೆದು ಪ್ಲೇಟಿಗೆ ಹಾಕಿ, ಫೋಟೊ ತೆಗೆದು ರಿಜಿಸ್ಟರಿಗೆ ಅಂಟಿಸುತ್ತಾರೆ. ಹೋದ ಸಲ ತೆರೆದಾಗ 40 ಕಾಲೊನಿಯಲ್ಲಿ 3 ಕೆಂಪಗಿದ್ದವು. ಆ 3ರ ಸುತ್ತ ಪೆನ್ನಿನಲ್ಲಿ ಗುಂಡು ಸುತ್ತಿ, ತಾರೀಖು ಹಾಕಿಟ್ಟಿದ್ದಾಳೆ.